ಉಮೆಗಾಕಿಯವರ ಅತಿವಿನಯ

ಯಾಗುಚಿ ಊರಿನಲ್ಲಿ ಹುಟ್ಟಿದವರಿಗೆ ಗಾಡಿ ಓಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಡಿಸುವ ಗಾಡಿ ಕುರೊಮಾಟ್ಸು ಕಂಪನಿಯದೇ ಆಗಿರಬೇಕು ಎಂಬುದನ್ನಂತೂ ಹೇಳುವುದೇ ಬೇಡ. ಬೇರೆ ಕಂಪನಿಯ ಕಾರಿನಲ್ಲಿ ಬರುವ ನೆಂಟರು ಅದನ್ನು ಹೊಳೆಯ ಆಚೆ ದಡದಲ್ಲೇ ನಿಲ್ಲಿಸಿ, ಸೇತುವೆ ಮೇಲೆ ನಡೆದುಕೊಂಡು ಬರುತ್ತಿದ್ದರು. ಒಮ್ಮೆ ಒಬ್ಬರ ಶವ ಸಾಗಿಸಿದ ಗಾಡಿ ಪರ ಕಂಪನಿಯದೆಂದು ತಡವಾಗಿ ಗೊತ್ತಾಯಿತು. ಸತ್ತವರ ಮಗ ನಲವತ್ತೊಂಬತ್ತನೇ ದಿನದ ಪೂಜೆಗೆ ಬಂದವರಿಗೆಲ್ಲ ಬಗ್ಗಿ ಬಗ್ಗಿ ಕ್ಷಮೆ ಕೇಳಿ ಸೊಂಟ ಹಿಡಿಸಿಕೊಂಡ.

ಇಂಥ ಊರಿನಲ್ಲಿ, ಅದೂ ಕಂಪನಿಯ ಇತಿಹಾಸ ಭವನದಲ್ಲೇ ಕೆಲಸದಲ್ಲಿದ್ದುಕೊಂಡು, ಉಮೆಗಾಕಿ ಶೋಹೆಯ್ ಎಂಬವರು ಗಾಡಿ ಓಡಿಸಲು ಬಾರದೆ ಬಹಳ ನೆಮ್ಮದಿಯಿಂದ ಬಾಳುತ್ತಿದ್ದರು.

ಅವರ ಬಳಿ ಲೈಸೆನ್ಸ್ ಏನೋ ಇತ್ತು. ಪ್ರಾಯದಲ್ಲಿ ಅದು ಕೈಗೆ ಬಂದ ಸಂಜೆಯೇ ಸೋದರಮಾವನ ಗಾಡಿಯನ್ನು ಹಿಂದಕ್ಕೆ ತೆಗೆಯಲು ಹೋಗಿ, ಎದುರುಮನೆ ತೋಫು ಅಂಗಡಿಯ ಒಳಕ್ಕೆ ನುಗ್ಗಿಸಿದ್ದರು. ಮಾವ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡ. ಅಂದಿನಿಂದ ಉಮೆಗಾಕಿ ಸ್ಟೀರಿಂಗ್ ಮುಟ್ಟಿದವರಲ್ಲ. ಮನೆಯ ಕಾರನ್ನು ಹೆಂಡತಿ ಫುಸಾಯೆ ಓಡಿಸುತ್ತಿದ್ದಳು. ಇವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಕಣ್ಣು ಮುಚ್ಚುತ್ತಿದ್ದದ್ದು ಭಯಕ್ಕೆ.

ಓಣಿಯ ಸಂಘದ ಅಧ್ಯಕ್ಷ ಓಬತಾ ಒಂದು ಸಲ ಬೇಕೆಂದೇ ಕೆಣಕಿದ. ಹೆಂಗಸರ ಕೈಲಿ ಗಾಡಿ ಕೊಟ್ಟು ನೀವು ಹೀಗೆ ನಿದ್ದೆ ಮಾಡುವುದೇ ಎಂದು ಕೇಳಿದ. ಉಮೆಗಾಕಿಗೆ ಆ ಕ್ಷಣಕ್ಕೆ ಏನು ಹೊಳೆಯಿತೋ ಅದನ್ನೇ ಹೇಳಿಬಿಟ್ಟರು: "ಓಡಿಸೋರಿಗೆ ಎಂಜಿನ್ನಿನ ಮಾತು ಕೇಳಿಸೋದಿಲ್ಲ, ಓಬತಾ ಅವರೇ. ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ್ರೆ ಮಾತ್ರ ಕೇಳಿಸುತ್ತೆ."

ಮನುಷ್ಯ ಮಾಡಬಾರದ ತಪ್ಪುಗಳಲ್ಲಿ ಇದೂ ಒಂದು. ಓಬತಾ ಬಾಯಿ ಬಿಟ್ಟುಕೊಂಡು ಮನೆಗೆ ಹೋದ, ಮರುದಿನವೇ ಊರೆಲ್ಲ ಸಾರಿದ. ಅಲ್ಲಿಂದ ಮುಂದೆ ಹೊಸ ಗಾಡಿ ಕೊಂಡವರೆಲ್ಲ ಭಾನುವಾರ ಉಮೆಗಾಕಿಯವರ ಬಾಗಿಲಿಗೆ ತಂದು ನಿಲ್ಲಿಸುವುದು ರೂಢಿಯಾಯಿತು. ಇವರು ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಕೊನೆಗೆ "ಸ್ವಲ್ಪ ದಣಿದಿದೆ" ಎನ್ನುತ್ತಿದ್ದರು. ಗಾಡಿಯ ವಿಷಯದಲ್ಲಾಗಲಿ ಮಾಲೀಕನ ವಿಷಯದಲ್ಲಾಗಲಿ ಈ ಮಾತು ಎಂದೂ ಸುಳ್ಳಾದದ್ದಿಲ್ಲ.

ಭವನದಲ್ಲಿ ಅವರ ಕೆಲಸ ಶಾಲೆಯ ಮಕ್ಕಳಿಗೆ ಕಂಪನಿಯ ಚರಿತ್ರೆ ಹೇಳುವುದು. ಸ್ಥಾಪಕರು ಮೊದಲು ನೂಡಲ್ಸ್ ಕತ್ತರಿಸುವ ಯಂತ್ರ ಮಾಡಿದ್ದು, ಯುದ್ಧ ಮುಗಿದ ಬಡತನದಲ್ಲಿ ಅದರ ಮೋಟಾರಿಗೆ ಮೂರು ಚಕ್ರ ಕಟ್ಟಿ ತರಕಾರಿ ಸಾಗಿಸಿದ್ದು, ಆಮೇಲೆ ಹಿಬಾರಿ ಎಂಬ ಹಕ್ಕಿಯ ಹೆಸರಿನ ಮೊದಲ ಕಾರು ಮಾಡಿ, ಹಿಮ ಸುರಿಯುವ ದಿನ ಕಾರ್ಖಾನೆಯಿಂದ ರೈಲು ನಿಲ್ದಾಣದ ತನಕ ಎಲ್ಲೂ ನಿಲ್ಲಿಸದೆ ಹೋದದ್ದು. ಕುರೊಮಾಟ್ಸು ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ ಎಂಬ ಹೆಸರು ಬಂದದ್ದು ಅವತ್ತಿನಿಂದ. ಈ ಭಾಗವನ್ನು ಇಷ್ಟು ವರ್ಷದ ಮೇಲೂ ಅವರು ಎರಡೆರಡು ಸಲ ಹೇಳುತ್ತಿದ್ದರು.

ಹಿಬಾರಿ ಈಗ ಇಡೀ ಲೋಕದಲ್ಲಿ ಒಂದೇ ಒಂದು ಉಳಿದಿತ್ತು. ಅದು ಆ ಭವನದಲ್ಲಿತ್ತು. ಉಮೆಗಾಕಿ ದಿನವೂ ಮೆತ್ತನೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದರು, ಯಾರೂ ಇಲ್ಲದಾಗ ಅದರ ಜೊತೆ ಮಾತಾಡುತ್ತಿದ್ದರು. ಅದರ ಮೇಲೆ ನೊಣ ಕೂತರೂ ಅವರಿಗೆ ಮೈ ಉರಿಯುತ್ತಿತ್ತು. ಮಕ್ಕಳಿಲ್ಲದ ಮನೆ, ಅವರಿಗೆ ಮಗು ಎಂದರೆ ಅದೇ.

ಹಿಬಾರಿ ಹುಟ್ಟಿ ನಲವತ್ತು ವರ್ಷ ತುಂಬಿತು. ಕಂಪನಿ ಅದನ್ನು ಮೆರವಣಿಗೆ ಮಾಡಲು ನಿಶ್ಚಯಿಸಿತು. ಭವನದಿಂದ ಬೆಟ್ಟದ ಏರು ಹತ್ತಿ, ಇಳಿದು, ನಿಲ್ದಾಣದ ಮುಂದಿನ ಚೌಕಕ್ಕೆ. ಹಿಂದಿನ ಸೀಟಿನಲ್ಲಿ ಸ್ಥಾಪಕರ ಹೆಂಡತಿ ಮಿನೆ ದೊಡ್ಡಮ್ಮ. ಎಂಬತ್ತು ದಾಟಿದ ಆಕೆ ನಾಲ್ಕು ಜನರೆದುರು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ವಿನಯ ಅಂದರೆ ದೊಡ್ಡಮ್ಮನದು ಎಂದು ಊರಿನ ತಾಯಂದಿರು ಹೆಣ್ಣುಮಕ್ಕಳಿಗೆ ತೋರಿಸುತ್ತಿದ್ದರು. ಗಾಡಿ ಓಡಿಸಬೇಕಾಗಿದ್ದ ಪರೀಕ್ಷಾ ಚಾಲಕ ಮಾತ್ರ ಆ ವಾರವೇ ಮನೆಯಲ್ಲಿ ಅಕ್ಕಿಮೂಟೆ ಎತ್ತಲು ಹೋಗಿ ಬೆನ್ನು ಉಳುಕಿಸಿಕೊಂಡ.

ಆಡಳಿತ ವಿಭಾಗದ ಮುಖ್ಯಸ್ಥ ಮುಶಿಯಾಕೆ ಬೇರೊಬ್ಬನನ್ನು ಹುಡುಕತೊಡಗಿದರು. ಪೊಲೀಸರು ಆಗಷ್ಟೇ, ವರ್ಷಗಟ್ಟಲೆ ಒಂದು ತಪ್ಪೂ ಮಾಡದ ಚಾಲಕರಿಗೆ ಚಿನ್ನದ ಬಣ್ಣದ ಪಟ್ಟಿಯ ಲೈಸೆನ್ಸ್ ಕೊಡಲು ಶುರು ಮಾಡಿದ್ದರು. ಭವನದಲ್ಲಿ ಅದು ಒಬ್ಬರ ಹತ್ತಿರ ಮಾತ್ರ ಇತ್ತು. ಓಡಿಸದವನು ತಪ್ಪು ಮಾಡುವುದಾದರೂ ಹೇಗೆ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಮುಶಿಯಾಕೆ ಕರೆಕಳಿಸಿದರು. ಉಮೆಗಾಕಿ ವಿಷಯ ಕೇಳಿ ಬಾಗಿಲ ಕಡೆ ಎರಡು ಹೆಜ್ಜೆ ಹಿಂದಿಟ್ಟರು. ಆದರೂ ಧೈರ್ಯ ಮಾಡಿ, ತಲೆ ತಗ್ಗಿಸಿ, ಇದ್ದದ್ದನ್ನೇ ಹೇಳಿದರು.

"ಸಾಹೇಬ್ರೆ, ನನಗೆ ಗಾಡಿ ಓಡಿಸೋಕೆ ಬರಲ್ಲ."

ಮುಶಿಯಾಕೆ ಕುರ್ಚಿಯಿಂದ ಎದ್ದು ನಿಂತು, ತನಗಿಂತ ಕೆಳಗಿನ ಹುದ್ದೆಯವನಿಗೆ ಸೊಂಟದ ತನಕ ಬಗ್ಗಿ ನಮಸ್ಕರಿಸಿದರು.

"ಒಂದು ಗೀರೂ ಬೀಳದ ಹಾಗೆ ಇಷ್ಟು ವರ್ಷ ಓಡಿಸಿದವರು ಹೀಗೆ ಹೇಳ್ತಾರೆ," ಎಂದರು. "ಮೊನ್ನೆ ಲೈಸೆನ್ಸ್ ತಗೊಂಡ ನನ್ನ ಅಳಿಯ ರೇಸಿಗೆ ಹೋಗ್ತೀನಿ ಅಂತಾನೆ."

ಇಲ್ಲಿ ಒಂದು ಮಾತು ಹೇಳಬೇಕು. ಆ ಊರಿನಲ್ಲಿ ಯಾರಾದರೂ ಚಹಾ ಕೊಟ್ಟರೂ ಬೇಡ ಎನ್ನಬೇಕು, ಬಡ್ತಿ ಕೊಟ್ಟರೂ ಬೇಡ ಎನ್ನಬೇಕು. ಮೊದಲ ಬೇಡ ಮರ್ಯಾದೆ, ಎರಡನೆಯದು ಮನೆತನ, ಮೂರನೆಯದು ಒಪ್ಪಿಗೆ. ಇದು ಚೆನ್ನಾದ ಪದ್ಧತಿಯೇ. ನಿಜಕ್ಕೂ ಬೇಡವಾದವನು ಏನು ಮಾಡಬೇಕು ಎಂಬುದನ್ನು ಹಿರಿಯರು ಯೋಚಿಸಿರಲಿಲ್ಲ, ಅಷ್ಟೇ.

ಮನೆಯಲ್ಲಿ ಫುಸಾಯೆ ಕೇಳಿ ಕೈಯಲ್ಲಿದ್ದ ಮೂಲಂಗಿಯನ್ನು ಮಣೆಯ ಮೇಲೆ ಇಟ್ಟಳು. "ರೀ, ನೀವು ತಲೆ ತಗ್ಗಿಸಿ ಹೇಳಿರ್ತೀರಿ. ತಲೆ ತಗ್ಗಿಸಿದ್ರೆ ಯಾರು ನಂಬ್ತಾರೆ? ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿ."

ಮರುದಿನ ಉಮೆಗಾಕಿ ನೆಟ್ಟಗೆ ನಿಂತು ಹೇಳಿದರು. ಮುಶಿಯಾಕೆಗೆ ಕಣ್ಣು ತುಂಬಿಬಂತು. ಬೆಳಗಿನ ಸಭೆಯಲ್ಲಿ, ವ್ಯಾಯಾಮ ಮುಗಿಸಿ ನಿಂತ ಅಷ್ಟೂ ಕೆಲಸಗಾರರ ಮುಂದೆ ಅವರನ್ನು ಎದುರಿಗೆ ಕರೆದು, ನಾವೆಲ್ಲ ನೋಡಿ ಕಲಿಯಬೇಕಾದ ಮನುಷ್ಯ ಎಂದರು. ಈತ ಎರಡು ಸಲ ನಿರಾಕರಿಸಿದ್ದಾರೆ, ಎರಡನೇ ಸಲ ಕೋಪದಿಂದ ನಿರಾಕರಿಸಿದ್ದಾರೆ, ಎಂದು ವಿವರಿಸಿದರು. ಚಪ್ಪಾಳೆ ಬಿತ್ತು. ಉಮೆಗಾಕಿ ಗಾಬರಿಯಲ್ಲಿ ಮೂರನೇ ಸಲವೂ ಬೇಡ ಎಂದುಬಿಟ್ಟರು. ಅಲ್ಲಿಗೆ ಒಪ್ಪಿಗೆಯಾಯಿತು.

ಇನ್ನು ಉಳಿದದ್ದು ಪೊಲೀಸ್ ಠಾಣೆ. ಲೈಸೆನ್ಸನ್ನೇ ವಾಪಸು ಕೊಟ್ಟರೆ ಯಾರೂ ಓಡಿಸು ಎನ್ನಲಾರರು ಎಂದು ಲೆಕ್ಕ ಹಾಕಿ ಅಲ್ಲಿಗೆ ಹೋದರು. ಚಿನ್ನದ ಪಟ್ಟಿ ನೋಡಿದ ಕೂಡಲೇ ಸಂಚಾರ ವಿಭಾಗದ ಅಧಿಕಾರಿ ಎದ್ದು ಸೆಲ್ಯೂಟ್ ಹೊಡೆದ. ನಾನು ಇದಕ್ಕೆ ಯೋಗ್ಯನಲ್ಲ, ಒಂದು ದಿನವೂ ಓಡಿಸಿದವನಲ್ಲ ಎಂದು ಇವರು ಬಿಡಿಸಿ ಹೇಳಿದರು. ಅಧಿಕಾರಿ ಒಳಗಿನಿಂದ ಇನ್ನಿಬ್ಬರು ಪೇದೆಗಳನ್ನು ಕರೆದು, ಇವರ ಮಾತನ್ನು ಮತ್ತೊಮ್ಮೆ ಹೇಳಿಸಿ ಕೇಳಿಸಿದ. ಹೊರಡುವಾಗ ಲೈಸೆನ್ಸನ್ನು ಇವರ ಕೈಗೇ ವಾಪಸು ಕೊಟ್ಟು, ಎಲ್ಲರೂ ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಬೇರೆ ದಾರಿ ಕಾಣದೆ ಫುಸಾಯೆ ಕಲಿಸಲು ನಿಂತಳು. ಬೆಳಗಾಗುತ್ತಲೇ ಹೊಳೆಯ ಬಯಲಿಗೆ ಕಾರು ತಂದು ಗಂಡನನ್ನು ಚಾಲಕನ ಸೀಟಿಗೆ ಕೂರಿಸಿದಳು. ಗಾಡಿ ಎರಡು ಮಾರು ಹೋಗುತ್ತಿತ್ತು, ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಎರಡು ಮಾರು, ಮತ್ತೆ ಗಕ್ಕನೆ. ಫುಸಾಯೆಯ ಹಣೆ ಮುಂದಿನ ಗಾಜಿಗೆ ಬಡಿದು ಬೋರೆಹಣ್ಣಿನಷ್ಟು ಊದಿತು. "ಬ್ರೇಕಿನ ಮೇಲಿಂದ ಕಾಲು ತೆಗೀರಿ" ಎಂದು ಅವಳು, "ತೆಗೆದ್ರೆ ಗಾಡಿ ಹೋಗುತ್ತಲ್ಲೇ" ಎಂದು ಇವರು.

ಏರಿಯ ಮೇಲೆ ನಾಯಿ ತಿರುಗಿಸಲು ಬಂದಿದ್ದ ಓಬತಾ ಇದನ್ನು ಕಂಡ. ಬಗ್ಗಿ ನೋಡಿದ, ತಲೆದೂಗಿದ. ಗುರುಗಳು ಬ್ರೇಕ್ ಪರೀಕ್ಷೆ ಮಾಡುತ್ತಿದ್ದಾರೆ, ಎರಡು ಮಾರಿಗೊಮ್ಮೆ ಎಂದು ತೀರ್ಮಾನಿಸಿ, ಮನೆಯಿಂದ ಮನೆಗೆ ಸಾಗುವ ಓಣಿಯ ಸಂಘದ ಸುತ್ತೋಲೆ ಹಲಗೆಗೆ ವಿಷಯ ಏರಿಸಿದ. ವಾರಾಂತ್ಯದೊಳಗೆ ಇಡೀ ಓಣಿಯ ಗಾಡಿಗಳು ಗಕ್ಕ ಗಕ್ಕನೆ ನಿಲ್ಲುತ್ತಾ ಕಾರ್ಖಾನೆಗೆ ಹೋಗತೊಡಗಿದವು. ಮೂಳೆ ವೈದ್ಯರಿಗೆ ಬಿಡುವಿಲ್ಲವಾಯಿತು, ಅವರೂ ಹಾಗೆಯೇ ಓಡಿಸಿಕೊಂಡು ಆಸ್ಪತ್ರೆಗೆ ಬಂದರು.

ಊರಿಗೆ ಇದು ತಮಾಷೆ. ಉಮೆಗಾಕಿಗೆ ಅನ್ನ ಇಳಿಯದಾಯಿತು. ತನ್ನ ಮಾನ ಹೋದರೆ ಹೋಗಲಿ ಎಂಬಲ್ಲಿಗೆ ಅವರು ಮುಟ್ಟಿದ್ದರು. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಹಿಬಾರಿ. ಬೆಟ್ಟದ ಏರಿನ ಒಂದು ಪಕ್ಕ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಇಳಿಜಾರು. ಲೋಕದಲ್ಲಿ ಉಳಿದಿರುವ ಒಂದೇ ಹಿಬಾರಿ, ಅದರೊಳಗೆ ಎಂಬತ್ತು ದಾಟಿದ ಮುದುಕಿ, ಎರಡೂ ತನ್ನ ಕೈಯಲ್ಲಿ. ಮೆರವಣಿಗೆಯ ಹಿಂದಿನ ಸಂಜೆ ಬಟ್ಟೆ ಹಿಡಿದು ಒರೆಸುತ್ತಾ ಅದರ ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತರು. ಬಾಗಿಲಲ್ಲಿ ನಿಂತ ಮುಶಿಯಾಕೆ ಸದ್ದು ಮಾಡದೆ ಹಿಂದೆ ಸರಿದು, ಕಾವಲುಗಾರನಿಗೆ, ಅವರು ಗಾಡಿಯ ಜೊತೆ ಮಾತಾಡುತ್ತಿದ್ದಾರೆ, ಯಾರನ್ನೂ ಬಿಡಬೇಡ ಎಂದರು.

ದಿನ ಬಂತು. ರಸ್ತೆಯ ಎರಡೂ ಕಡೆ ಜನ. ಮುಂದೆ ಕಾರ್ಖಾನೆಯ ವಾದ್ಯದವರು, ನಡುವೆ ಹಿಬಾರಿ, ಹಿಂದೆ ಹೊಚ್ಚಹೊಸ ಕಪ್ಪು ಗಾಡಿಯಲ್ಲಿ ಮುಶಿಯಾಕೆ. ದೊಡ್ಡಮ್ಮ ಮನೆತನದ ಚಿಹ್ನೆಯಿದ್ದ ಕಪ್ಪು ಕಿಮೊನೊ ಉಟ್ಟು, ಕೈಗಳನ್ನು ಮಡಿಲಲ್ಲಿಟ್ಟು ಹಿಂದೆ ಕೂತಿದ್ದರು. ಉಮೆಗಾಕಿ ಬಿಳಿ ಕೈಗವಸು ಹಾಕಿದ್ದರು. ಅವು ಒದ್ದೆಯಾಗಿದ್ದವು.

ಹಳೇ ಗಾಡಿಗೆ ಕ್ಲಚ್ಚು, ಗೇರಿನ ಹಿಡಿ ಸ್ಟೀರಿಂಗಿನ ಬುಡದಲ್ಲಿ. ಫುಸಾಯೆಯ ಕಾರಿನಲ್ಲಿ ಎರಡೂ ಇರಲಿಲ್ಲ. ಉಮೆಗಾಕಿ ಸ್ಥಾಪಕರನ್ನು ನೆನೆದು ಕ್ಲಚ್ಚಿನ ಮೇಲಿಂದ ಕಾಲು ತೆಗೆದರು. ಹಿಬಾರಿ ಒಮ್ಮೆ ಜಿಗಿಯಿತು, ಕೆಮ್ಮಿತು, ಹೊರಟಿತು. ಜನ ಹೋ ಎಂದರು. ಅದೃಷ್ಟಕ್ಕೆ ವಾದ್ಯದವರು ನಡೆಯುತ್ತಿದ್ದರು, ಅವರ ಹಿಂದೆ ನಡಿಗೆಯ ವೇಗ ಸಾಕಿತ್ತು. ಅಂಚೆ ಕಚೇರಿ ದಾಟಿತು. ಚಹಾ ಅಂಗಡಿ ದಾಟಿತು. ಮುಂದೆ ಏರು ಕಾಣಿಸಿತು.

ಏರಿನ ಅರ್ಧಕ್ಕೆ ಎಂಜಿನ್ ಮುಗ್ಗರಿಸಿ ನಿಂತಿತು. ಮರುಕ್ಷಣವೇ ಗಾಡಿ ಹಿಂದಕ್ಕೆ ಸರಿಯತೊಡಗಿತು. ಉಮೆಗಾಕಿ ಯಾವುದನ್ನು ತುಳಿದರೋ, ಯಾವುದನ್ನು ಎಳೆದರೋ, ಅವರಿಗೇ ಗೊತ್ತಿಲ್ಲ. ಕನ್ನಡಿಯಲ್ಲಿ ಮುಶಿಯಾಕೆಯ ಗಾಡಿಯ ಮೂತಿ ದೊಡ್ಡದಾಗುತ್ತಾ ಬಂತು. ಒಂದು ಗೇಣು ಉಳಿದಿರುವಾಗ ಕೈಬ್ರೇಕ್ ಕಚ್ಚಿತು. ಹಿಬಾರಿ ನಿಂತಿತು.

ನಿಂತದ್ದು ಏರಿನ ಮಗ್ಗುಲಿನ ಹಳೇ ದೇವರ ಗುಡಿಯ ಕೆಂಪು ಕಮಾನಿನ ನೇರಕ್ಕೆ. ಜನ ಅರೆಕ್ಷಣ ಬೆರಗಾದರು. ಆಮೇಲೆ ಓಬತಾನ ದನಿ ಕೇಳಿಸಿತು. "ದೇವರ ಮುಂದೆ ಹಾಗೇ ಹಾದುಹೋಗಬಾರದು ಅಂತ ಹಿಂದಕ್ಕೆ ಬಂದು ನಿಲ್ಲಿಸಿದಾರೆ ನೋಡ್ರಪ್ಪ. ಟೋಪಿ ತೆಗೀರಿ." ಟೋಪಿಗಳು ಇಳಿದವು. ವಾದ್ಯ ನಿಂತಿತು. ರಸ್ತೆಯ ಎರಡೂ ಕಡೆಯವರು, ಹಿಂದಿನ ಗಾಡಿಯ ಮುಶಿಯಾಕೆ, ಬಂದೋಬಸ್ತಿನ ಆ ಸಂಚಾರ ಅಧಿಕಾರಿ, ಎಲ್ಲರೂ ಗುಡಿಯ ಕಡೆ ತಿರುಗಿ ಆಳವಾಗಿ ಬಗ್ಗಿದರು.

ಉಮೆಗಾಕಿ ಎರಡೂ ಕೈಯಲ್ಲಿ ಕೈಬ್ರೇಕ್ ಹಿಡಿದು ಕೂತಿದ್ದರು. ಇನ್ನೊಮ್ಮೆ ಬ್ರೇಕ್ ಬಿಟ್ಟರೆ ಈ ಸಲ ಒಂದು ಗೇಣೂ ಇಲ್ಲ. ಅವರು ಹಿಂದಕ್ಕೆ ತಿರುಗದೆಯೇ ಪಿಸುಗುಟ್ಟಿದರು. "ಕ್ಷಮಿಸಿ, ದೊಡ್ಡಮ್ಮ. ನನಗೆ ಗಾಡಿ ಓಡಿಸೋಕೆ ಬರಲ್ಲ."

ಹಿಂದಿನ ಸೀಟಿನಿಂದ, ಮೊದಲ ಬಾರಿಗೆ, ಯಾರೋ ಅವರನ್ನು ಒಂದು ಪ್ರಶ್ನೆ ಕೇಳಿದರು.

"ಮರ್ಯಾದೆಗೆ ಹೇಳ್ತಿದೀಯೋ, ನಿಜವಾಗ್ಲೂ ಬರಲ್ವೋ?"

"ನಿಜವಾಗ್ಲೂ ಬರಲ್ಲ, ದೊಡ್ಡಮ್ಮ."

"ಹಾಗಾದ್ರೆ ಪಕ್ಕಕ್ಕೆ ಸರಿ. ಎಲ್ಲರ ತಲೆ ಮೇಲೇಳೋದರೊಳಗೆ."

ಆಕೆ ಇಳಿದು ಮುಂದಿನ ಬಾಗಿಲಿಗೆ ಬಂದದ್ದು, ಕಿಮೊನೊದ ತೋಳನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಸಿಕ್ಕಿಸಿಕೊಂಡದ್ದು, ಮರದ ಚಪ್ಪಲಿ ಕಳಚಿ ಉಮೆಗಾಕಿಯ ಮಡಿಲಿಗೆ ಎಸೆದದ್ದು, ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಎಂಜಿನ್ ಎದ್ದಿತು. ಜನ ತಲೆ ಎತ್ತಿದಾಗ ಮಿನೆ ದೊಡ್ಡಮ್ಮ ಬಿಳಿ ಕಾಲುಚೀಲದಲ್ಲಿ ಕ್ಲಚ್ ತುಳಿದು ಏರು ಹತ್ತಿಸುತ್ತಿದ್ದರು. ಸಂಚಾರ ಅಧಿಕಾರಿ ನೋಡಿದ, ಆಕೆಯ ವಯಸ್ಸು ಲೆಕ್ಕ ಹಾಕಿದ, ಲೈಸೆನ್ಸಿನ ಬಗ್ಗೆ ಯೋಚಿಸಿದ, ಮತ್ತೆ ಗುಡಿಯ ಕಡೆ ತಿರುಗಿ ಬಗ್ಗಿದ.

ಏರು ಮುಗಿದು ಇಳಿಜಾರು ಬಂತು. ವಾದ್ಯದವರು ಓಡಿ ಅಂಚಿಗೆ ಸರಿದರು. ಆಕೆ ಓಡಿಸುವ ರೀತಿಗೆ ಉಮೆಗಾಕಿ ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡರು.

"ಮೂರು ಚಕ್ರದ್ದರಲ್ಲಿ ತರಕಾರಿ ಹೊಡೀತಿದ್ದೆ. ಆಗ ಯಾರೂ ಬೇಡ ಅಂದಿರಲಿಲ್ಲ," ಎಂದರು ದೊಡ್ಡಮ್ಮ. ತಿರುವು ದಾಟಿದ ಮೇಲೆ ಕೇಳಿದರು. "ನೀನು ಎಷ್ಟು ಸಲ ಬೇಡ ಅಂದೆ?"

"ಸಿಕ್ಕಿದವರಿಗೆಲ್ಲ ಅಂದೆ."

"ನಾನು ಮೂರು ಸಲ ಅಂದೆ. ನಮ್ಮಪ್ಪನ ನೂಡಲ್ಸ್ ಯಂತ್ರದ ಕೊಟ್ಟಿಗೇಲಿ ಕೆಲಸಕ್ಕಿದ್ದ ಹುಡುಗನ್ನ ಮಾಡಿಕೋ ಅಂದ್ರು. ಬೇಡ ಅಂದೆ. ಎಂಥ ನಾಚಿಕೆಯ ಹುಡುಗಿ ಅಂದ್ರು. ಅಳ್ತಾ ಬೇಡ ಅಂದೆ. ಎಂಥ ಸಂಸ್ಕಾರ ಅಂದ್ರು. ಬಾವಿಕಟ್ಟೆ ಮೇಲೆ ನಿಂತು ಬೇಡ ಅಂದೆ. ಆ ತಿಂಗಳೇ ಮದುವೆ ಮಾಡಿದ್ರು."

ಉಮೆಗಾಕಿ ಕಣ್ಣು ತೆರೆದರು. ತಾನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ಚರಿತ್ರೆಯಲ್ಲಿ ಈ ಸಾಲು ಇರಲಿಲ್ಲ. ಸ್ಥಾಪಕರು ಕೆಟ್ಟವರಿದ್ದರೇ ಎಂದು ಕೇಳಿದರು.

"ಒಳ್ಳೆಯವನೇ. ಅದಲ್ಲ ಮಾತು," ಎಂದು ದೊಡ್ಡಮ್ಮ ಗೇರು ಬದಲಾಯಿಸಿದರು.

ಹಿಬಾರಿ ಚೌಕಕ್ಕೆ ಬಂದು ನಿಂತಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಉಮೆಗಾಕಿ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಅದರ ಸುತ್ತ ಎರಡು ಸುತ್ತು ಬಂದು ನೋಡಿದರು. ಮುಶಿಯಾಕೆ ಓಡಿಬಂದರು, ಅವರ ಮುಖ ಹೆಮ್ಮೆಯಿಂದ ಉಬ್ಬಿಹೋಗಿತ್ತು. ಸ್ಥಾಪಕರ ಹೆಂಡತಿಗೆ ಸ್ಟೀರಿಂಗ್ ಬಿಟ್ಟುಕೊಟ್ಟ ಈ ತ್ಯಾಗ ಕಂಪನಿಯ ಚರಿತ್ರೆಯಲ್ಲಿ ಅಚ್ಚಾಗಬೇಕು ಎಂದು ಪತ್ರಿಕೆಯವರಿಗೆ ಆಗಲೇ ಹೇಳಿಯಾಗಿತ್ತು. ಅವರು ಮೈಕನ್ನು ದೊಡ್ಡಮ್ಮನ ಮುಂದೆ ಹಿಡಿದು, ನಾಲ್ಕು ಮಾತು ಆಡಬೇಕೆಂದು ಕೇಳಿಕೊಂಡರು.

ದೊಡ್ಡಮ್ಮ ಬೇಡ ಎಂದರು. ಮುಶಿಯಾಕೆ ನಕ್ಕು ಮೈಕನ್ನು ಇನ್ನೂ ಹತ್ತಿರ ತಂದರು. ಆಕೆ ಮತ್ತೆ ಬೇಡ ಎಂದರು. ಜನ ಮೆಚ್ಚಿ ಗುಜುಗುಜು ಮಾಡಿದರು. ಮುಶಿಯಾಕೆ ಜನರ ಕಡೆ ತಿರುಗಿ, ಈಗ ಇನ್ನೊಂದೇ ಸಲ ಎಂಬಂತೆ ಒಂದು ಬೆರಳು ತೋರಿಸಿದರು. ದೊಡ್ಡಮ್ಮನ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಹೇಳಿದರೂ ಒಂದೇ, ಹೇಳದಿದ್ದರೂ ಒಂದೇ ಎಂದು ಗೊತ್ತಿದ್ದವರ ಮುಖ ಅದು.

ಉಮೆಗಾಕಿ ಮುಂದೆ ಬಂದು ಮೇಲಧಿಕಾರಿಯ ಕೈಯಿಂದ ಮೈಕು ಕಿತ್ತುಕೊಂಡರು.

"ದೊಡ್ಡಮ್ಮ ಬೇಡ ಅಂದ್ರು. ಬೇಡ ಅಂದ್ರೆ ಬೇಡ."

ಮೈಕು ಚಾಲೂ ಇತ್ತು. ಮಾತು ಚೌಕ ದಾಟಿ ನಿಲ್ದಾಣದ ಒಳಗೆ ಹೋಯಿತು. ಯಾಗುಚಿಯ ಜನ ತಮ್ಮ ಜನ್ಮದಲ್ಲಿ ಇಂಥ ಒರಟು ಮಾತು ಕೇಳಿರಲಿಲ್ಲ. ಮುಶಿಯಾಕೆಯ ನಗು ಮುಖದ ಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತಿತ್ತು. ಹಿಂದಿನ ಸಾಲಿನಲ್ಲಿ ಹಣೆಗೆ ಪಟ್ಟಿ ಹಾಕಿಕೊಂಡಿದ್ದ ಫುಸಾಯೆ ಗಂಡನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು.

ಉಮೆಗಾಕಿ ಮೈಕು ಇನ್ನೂ ಬಿಟ್ಟಿರಲಿಲ್ಲ. ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎನಿಸಿತು. ಬೆವರು ಒರೆಸಿಕೊಂಡು, ನೆಟ್ಟಗೆ ನಿಂತು ಹೇಳಿದರು. "ಇನ್ನೊಂದು ಮಾತು. ನನಗೆ ಗಾಡಿ ಓಡಿಸೋಕೆ ಬರಲ್ಲ. ಎಂಜಿನ್ನಿನ ಮಾತೂ ಕೇಳಿಸಲ್ಲ. ಹೆದರಿಕೆಗೆ ಕಣ್ಣು ಮುಚ್ಚಿಕೊಳ್ತಿದ್ದೆ."

ಜನರ ನಡುವೆ ಎಲ್ಲೋ ಓಬತಾ ಒಬ್ಬನೇ ಚಪ್ಪಾಳೆ ತಟ್ಟಿದ. ಅವನ ಪಕ್ಕದವನು ತಟ್ಟಿದ. ಸಂಚಾರ ಅಧಿಕಾರಿ ಸೆಲ್ಯೂಟ್ ಹೊಡೆದ. ಚಪ್ಪಾಳೆ ಚೌಕವೆಲ್ಲ ತುಂಬಿಕೊಂಡಿತು. ಮುಶಿಯಾಕೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಾ, ಎಂಥ ವಿನಯ, ಎಂಥ ವಿನಯ ಎಂದರು.

ಉಮೆಗಾಕಿ ದಿಕ್ಕು ತೋಚದೆ ಪಕ್ಕಕ್ಕೆ ನೋಡಿದರು. ದೊಡ್ಡಮ್ಮ ಅವರ ಕಂಕುಳಲ್ಲಿದ್ದ ತಮ್ಮ ಮರದ ಚಪ್ಪಲಿಯನ್ನು ತೆಗೆದುಕೊಂಡು, ಅವರ ಭುಜ ಹಿಡಿದು ಒಂದೊಂದಾಗಿ ಮೆಟ್ಟಿಕೊಂಡರು.

"ಬೇಜಾರು ಮಾಡ್ಕೋಬೇಡ," ಎಂದರು. "ನನ್ನ ಮಾತು ಒಬ್ಬರಿಗೆ ಕೇಳಿಸೋಕೆ ಅರವತ್ತು ವರ್ಷ ಹಿಡೀತು. ನೀನು ಇವತ್ತು ತಾನೇ ಶುರು ಮಾಡಿದೀಯ."